ಸಿಂಕಿನ ಕೊಳವೆಯೂ ವಾಯುವಿನ ಒತ್ತಡವೂ

ಶಿವಮೊಗ್ಗ, ಭದ್ರಾವತಿಗಳ ಹಳೆಯ ಹೆಂಚಿನ ಮನೆಗಳಲ್ಲಿ ಪಾತ್ರೆ ತೊಳೆದ ನೀರು ಬಚ್ಚಲಿನಿಂದ ನೇರವಾಗಿ ಹಿತ್ತಿಲಿನ ಬಾಳೆಯ ಬುಡಕ್ಕೆ ಹರಿಯುತ್ತಿದ್ದಿತು. ಇಂದು ಅಂತಹ ಮನೆಗಳನ್ನು ನವೀಕರಿಸುವಾಗ ಅಡುಗೆಮನೆಯ ಸಿಂಕನ್ನು ಒಂದು ಗೋಡೆಯಿಂದ ಮತ್ತೊಂದು ಗೋಡೆಗೆ ಸರಿಸುವುದುಂಟು. ನಲ್ಲಿಯ ನೀರನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಮೇಲಿನ ತೊಟ್ಟಿಯ ನೀರಿನ ಒತ್ತಡವು ಅದನ್ನು ತಳ್ಳುತ್ತದೆ. ಕೊಳೆನೀರಿಗಾದರೋ ಅಂತಹ ಸಹಾಯವಿಲ್ಲ. ಅದು ಕೊಳವೆಯ ಇಳಿಜಾರನ್ನೇ ನಂಬಿ ಹರಿಯಬೇಕು. ಸ್ಥಳ ಬದಲಾದ ಸಿಂಕಿನಲ್ಲಿ ಮೊದಲು ಗುಳುಗುಳು ಶಬ್ದವೂ ಅನಂತರ ದುರ್ಗಂಧವೂ ತಲೆದೋರುವುದುಂಟು. ಇದಕ್ಕೆ ಕಾರಣವೇನು?

ಸಿಂಕಿನ ಕೆಳಗೆ ಕೊಳವೆಯು ಬಾಗಿ, ಮೇಲೇರಿ, ಮತ್ತೆ ಅಡ್ಡಲಾಗಿ ಸಾಗುವುದನ್ನು ವಾಚಕರು ಕಂಡಿರಬಹುದು. ಈ ಬಾಗಿಗೆ ಟ್ರ್ಯಾಪ್ ಎಂದು ಹೆಸರು. ಶೌಚಾಲಯಕ್ಕಾಗಿ ಇಂತಹ ಬಾಗುಕೊಳವೆಗೆ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕ. ಸಿಂಕು ಬರಿದಾದ ಮೇಲೂ ಬಾಗಿನಲ್ಲಿ ನೀರು ನಿಂತು, ಚರಂಡಿಯ ಅನಿಲಗಳನ್ನು ತಡೆಯುತ್ತದೆ. ಆ ಅನಿಲಗಳಲ್ಲಿ ಹೈಡ್ರೊಜನ್ ಸಲ್ಫೈಡ್ ವಿಷಕರವಾದುದು; ಮೀಥೇನ್ ಹೊತ್ತಿಕೊಳ್ಳುವಂಥದು.

ಈ ನೀರಿನ ತಡೆ ಎಷ್ಟು ಬಲವಾದುದು? ಅದರ ಆಳ 50 ಮಿ.ಮೀ. ಎಂದು ಇಟ್ಟುಕೊಳ್ಳೋಣ. ನೀರಿನ ಸಾಂದ್ರತೆ, ಗುರುತ್ವ ವೇಗೋತ್ಕರ್ಷ, ಆಳ ಇವುಗಳ ಗುಣಲಬ್ಧವೇ ಒತ್ತಡ: 1000 × 9.8 × 0.05 = 490 ಪಾಸ್ಕಲ್. ವಾಯುಮಂಡಲದ ಒತ್ತಡವು ಸುಮಾರು 1,00,000 ಪಾಸ್ಕಲ್. ಆದುದರಿಂದ ಕೊಳವೆಯೊಳಗಿನ ಒತ್ತಡವು ಹೊರಗಿನದಕ್ಕಿಂತ 200ನೆಯ ಒಂದು ಭಾಗದಷ್ಟು ತಗ್ಗಿದರೂ ಸಾಕು, ತಡೆ ಮುರಿಯುತ್ತದೆ.

ಒತ್ತಡವನ್ನು ತಗ್ಗಿಸುವುದು ಸೈಫನ್ ಕ್ರಿಯೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಮೀಟರ್ ಉದ್ದದ ಪಾರದರ್ಶಕ ರಬ್ಬರು ಅಥವಾ ಪ್ಲಾಸ್ಟಿಕ್ ನಳಿಗೆಯಲ್ಲಿ ನೀರು ತುಂಬಿ, ಎರಡು ತುದಿಗಳನ್ನೂ ಬೆರಳಿನಿಂದ ಮುಚ್ಚಿ, ಒಂದನ್ನು ಮೇಜಿನ ಮೇಲಿನ ಲೋಟದ ನೀರಿನಲ್ಲಿಯೂ ಮತ್ತೊಂದನ್ನು ಕೆಳಗಿನ ಬಕೇಟಿನಲ್ಲಿಯೂ ಇಟ್ಟು ಬೆರಳು ತೆಗೆಯಿರಿ. ಲೋಟ ಬರಿದಾಗತೊಡಗುತ್ತದೆ. ಈಗ ನಳಿಗೆಯ ಅತ್ಯುನ್ನತ ಭಾಗದಲ್ಲಿ ಸಣ್ಣ ಮೊಳೆಯಿಂದ ರಂಧ್ರ ಮಾಡಿರಿ. ಗಾಳಿ ಒಳನುಗ್ಗಿ ಹರಿವು ನಿಲ್ಲುತ್ತದೆ.

ಆ ರಂಧ್ರದ ಕೆಲಸವನ್ನು ಮನೆಯಲ್ಲಿ ಮಾಡುವುದು ಛಾವಣಿಯ ಮೇಲೆ ಬಾಯಿ ತೆರೆದಿರುವ ನೇರ ಕೊಳವೆ. ಸಿಂಕಿನ ಅಡ್ಡಕೊಳವೆಯು ಅದನ್ನು ಸೇರುತ್ತದೆ. ಅಡ್ಡಕೊಳವೆಯ ಒಳವ್ಯಾಸ 50 ಮಿ.ಮೀ., ಇಳಿಜಾರು 48ಕ್ಕೆ 1 ಎನ್ನೋಣ. ಆಗ 2.4 ಮೀಟರ್ ಉದ್ದಕ್ಕೆ ಇಳಿತ 2400 ÷ 48 = 50 ಮಿ.ಮೀ.; ಅಂದರೆ ಕೊಳವೆಯ ವ್ಯಾಸದಷ್ಟೇ. ಅಡ್ಡಕೊಳವೆಯ ಕೊನೆಯ ಬಾಯಿಯ ಮೇಲಂಚು, ಟ್ರ್ಯಾಪಿನಿಂದ ನೀರು ಹೊರಬೀಳುವ ಮಟ್ಟಕ್ಕೆ ಸಮನಾಗಿ ನಿಲ್ಲುತ್ತದೆ. ಸಿಂಕನ್ನು ಇನ್ನೂ ದೂರ ಸರಿಸಿದರೆ ಆ ಬಾಯಿ ಪೂರ್ತಿಯಾಗಿ ಕೆಳಗಿಳಿಯುತ್ತದೆ. ಹರಿವ ನೀರಿನ ಮೇಲಿನಿಂದ ಗಾಳಿ ಹಿಂದಿರುಗಿ ಟ್ರ್ಯಾಪನ್ನು ಮುಟ್ಟಲಾರದೆ, ಸೈಫನ್ನಿಗೆ ಅವಕಾಶವಾಗುತ್ತದೆ.

ಹೆಚ್ಚು ಇಳಿಜಾರು ಕೊಟ್ಟರೆ ಲೇಸೆಂಬುದು ಭ್ರಮೆ: 24ಕ್ಕೆ 1 ಕೊಟ್ಟರೆ ಈ ಮಿತಿ 1.2 ಮೀಟರಿಗೇ ಬರುತ್ತದೆ. ತೀರ ಕಡಿಮೆ ಮಾಡಿದರೂ ಕೆಡುಕೇ. ವೇಗ ತಗ್ಗಿ ಜಿಡ್ಡೂ ಅನ್ನದ ಅಗುಳೂ ತಳದಲ್ಲಿ ಕೂರುತ್ತವೆ. ದೂರ ಅನಿವಾರ್ಯವಾದರೆ ಟ್ರ್ಯಾಪಿನ ಸಮೀಪದಲ್ಲಿ ಪ್ರತ್ಯೇಕ ಗಾಳಿಕೊಳವೆಯನ್ನು ಜೋಡಿಸುವುದೇ ಸರಿಯಾದ ಉಪಾಯ.

1923ರಲ್ಲಿ ಕಬ್ಬಿಣ ತಯಾರಿಸಲಾರಂಭಿಸಿದ ಭದ್ರಾವತಿಯ ಕಾರ್ಖಾನೆಯಲ್ಲಿ ಮುಂದೆ ಬೀಡುಕಬ್ಬಿಣದ ಕೊಳವೆಗಳೂ ಎರಕವಾದುವು. ಇಂದು ಮನೆಗಳಲ್ಲಿ ಪಿ.ವಿ.ಸಿ. ಕೊಳವೆಗಳೇ ಹೆಚ್ಚು. ಕೊಳವೆ ಯಾವುದೇ ಇರಲಿ, ನಿಯಮವೊಂದೇ. ಆದುದರಿಂದ ನೆಲಕ್ಕೆ ಟೈಲ್ಸ್ ಹಾಕುವ ಮೊದಲೇ ಉದ್ದವನ್ನು ಅಳೆದು, ರಸಮಟ್ಟವಿಟ್ಟು ಇಳಿಜಾರನ್ನು ನೋಡಬೇಕು. ಬಳಿಕ ಸಿಂಕಿನ ತುಂಬ ನೀರು ನಿಲ್ಲಿಸಿ ಒಮ್ಮೆಲೇ ಬಿಡಬೇಕು. ಕೊನೆಯಲ್ಲಿ ಗುಳುಗುಳು ಶಬ್ದವಿಲ್ಲದೆ, ಬಾಗಿನಲ್ಲಿ ನೀರು ಪೂರ್ತಿ ಉಳಿದರೆ ಕೆಲಸ ಸರಿಯಾಗಿದೆಯೆಂದು ತಿಳಿಯಬಹುದು.