ಮೊದಲು ಎಳೆ ಎಣಿಸು, ಆಮೇಲೆ ಸೂಜಿ

ತಂಗೀ, ಚಂದ್ರಕಾಳಿ ಸೀರೆಗೆ ನೀನೇ ಯೋಚಿಸಿ ನೀನೇ ಕಸೂತಿ ಹಾಕಬೇಕು ಅಂದೆಯಲ್ಲ, ಹಾಕು. ಆದರೆ ಮೊಬೈಲಿನಲ್ಲಿ ಕೂಡಿಟ್ಟಿರುವ ಆ ಚಿತ್ರಗಳನ್ನೆಲ್ಲ ಸದ್ಯಕ್ಕೆ ಬದಿಗಿಡು. ಎಲ್ಲರೂ ಚಿತ್ತಾರದಿಂದ ಶುರು ಮಾಡುತ್ತಾರೆ. ನಮ್ಮ ಧಾರವಾಡದ ಕಸೂತಿ ಶುರುವಾಗುವುದು ಬಟ್ಟೆಯಿಂದ. ಇದಕ್ಕೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿಕೊಂಡೇ ಸೂಜಿ ಮುಂದೆ ಹೋಗಬೇಕು. ಹೀಗಾಗಿ ಚಿತ್ತಾರದ ಗೋಪುರ ಎಷ್ಟಗಲ, ಎಷ್ಟೆತ್ತರ ಎಂಬುದನ್ನು ನೀನು ನಿರ್ಧರಿಸುವ ಮೊದಲೇ ನೇಕಾರ ಅರ್ಧ ನಿರ್ಧರಿಸಿಬಿಟ್ಟಿರುತ್ತಾನೆ.

ಒಂದು ರಟ್ಟಿನ ತುಂಡಿನಲ್ಲಿ ಒಂದಿಂಚಿನ ಚೌಕ ಕತ್ತರಿಸಿ ತೆಗೆ. ಅದನ್ನು ಸೀರೆಯ ಮೇಲಿಟ್ಟು, ಆ ಕಿಟಕಿಯೊಳಗೆ ಕಾಣುವ ಎಳೆಗಳನ್ನು ಎಣಿಸು. ಕಪ್ಪು ಸೀರೆಯಾದ್ದರಿಂದ ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡು ಹಗಲು ಬೆಳಕಿನಲ್ಲೇ ಕೂರು, ಇಲ್ಲದಿದ್ದರೆ ಕಣ್ಣು ಸೋಲುತ್ತದೆ. ಅಡ್ಡಕ್ಕೂ ಎಣಿಸು, ಉದ್ದಕ್ಕೂ ಎಣಿಸು. ಅಡ್ಡಕ್ಕೆ ಇಂಚಿಗೆ 56 ಎಳೆ, ಉದ್ದಕ್ಕೆ 48 ಬಂತು ಅಂತಿಟ್ಟುಕೋ. ನಾಲ್ಕು ಎಳೆಗೊಂದು ಹೊಲಿಗೆ, ಅಂದರೆ ಒಂದು ಮನೆ, ಹಾಕಿದರೆ ಅಡ್ಡಕ್ಕೆ ಇಂಚಿಗೆ 14 ಮನೆ, ಉದ್ದಕ್ಕೆ 12. ಗ್ರಾಫ್ ಕಾಗದದಲ್ಲಿ 42 ಮನೆ ಅಗಲ, 42 ಮನೆ ಎತ್ತರ ಬರೆದ ಗೋಪುರ ಸೀರೆಯ ಮೇಲೆ 3 ಇಂಚು ಅಗಲ, ಮೂರೂವರೆ ಇಂಚು ಎತ್ತರ ಆಗುತ್ತದೆ. ಗೋಪುರ ತುಸು ಎತ್ತರವಾದರೆ ಚಂದವೇ. ಆದರೆ ನಕ್ಷತ್ರ, ಕಮಲ ಸೊಟ್ಟಗೆ ಕಾಣುತ್ತವೆ. ಅವಕ್ಕೆ ಎತ್ತರದಲ್ಲಿ ಕೆಲವು ಮನೆ ಕಡಿಮೆ ಮಾಡಿ ಬರೆದುಕೊಳ್ಳಬೇಕು.

ಈಗ ಸಾಲಿನ ಲೆಕ್ಕ. ಸೆರಗಿನ ಪಕ್ಕದಲ್ಲಿ ದೊಡ್ಡ ಚಿತ್ತಾರ, ಅಲ್ಲಿಂದ ದೂರ ಹೋದಂತೆ ಸಣ್ಣವು, ಕೊನೆಗೆ ಬರೀ ಚುಕ್ಕಿ ಹೂ: ಹಳೆಯ ಇಳಕಲ್ ಸೀರೆಗಳ ಕ್ರಮ ಇದೇ. ಅದನ್ನು ಬದಲಿಸುವ ಅಗತ್ಯ ನನಗೆ ಕಂಡಿಲ್ಲ. ಎರಡು ದಡಿಗಳ ನಡುವೆ 36 ಇಂಚು ಸಿಕ್ಕರೆ 504 ಮನೆ. ಗೋಪುರಕ್ಕೆ 42, ಸಂದಿಗೆ 6 ಅಂತ ಹಿಡಿದರೆ ಹತ್ತೂವರೆ ಗೋಪುರ ಬರುತ್ತದೆ. ಅರ್ಧ ಗೋಪುರವನ್ನು ಯಾರೂ ಪೂಜಿಸುವುದಿಲ್ಲ! ಸಂದಿಯನ್ನು 4 ಮನೆಗೆ ಇಳಿಸು. ಆಗ 11 ಗೋಪುರಕ್ಕೆ 462, ನಡುವಿನ 10 ಸಂದಿಗೆ 40, ಒಟ್ಟು 502. ಉಳಿದ ಎರಡು ಮನೆಯಲ್ಲಿ ಆ ತುದಿಗೊಂದು, ಈ ತುದಿಗೊಂದು. ಹನ್ನೊಂದು ಬೆಸ ಸಂಖ್ಯೆಯಾದ್ದರಿಂದ ಒಂದು ಗೋಪುರ ಸರಿಯಾಗಿ ನಡುಮಧ್ಯಕ್ಕೆ ನಿಲ್ಲುತ್ತದೆ. ಅದನ್ನೇ ಮೊದಲು ಹಾಕಿ, ಎರಡೂ ಕಡೆಗೆ ಹೋಗು. ಒಂದು ದಡಿಯಿಂದ ಶುರು ಮಾಡಿದರೆ ಎಣಿಕೆಯ ತಪ್ಪೆಲ್ಲ ಕೊನೆಯ ಗೋಪುರದ ತಲೆಗೇ ಬಂದು ಕೂರುತ್ತದೆ.

ಲೆಕ್ಕ ಮುಗಿದರೂ ಇನ್ನೊಂದು ಇದೆ, ನಿಜವಾದ ಕಸುಬು ಅಲ್ಲಿರುವುದು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತ ಹೋಗಿ, ತಿರುಗಿ ಬರುವಾಗ ಬಿಟ್ಟ ಮನೆ ತುಂಬುತ್ತದೆ. ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ಸಮ ಕಾಣಬೇಕು. ಹಾಗಾದರೆ ಹೋದ ದಾರಿಯಲ್ಲೇ ವಾಪಸು ಬರುವ ಹಾಗೆ ಚಿತ್ತಾರ ಇರಬೇಕು. ಗ್ರಾಫ್ ಮೇಲೆ ಕೆಂಪು ಪೆನ್ನಿನಿಂದ ಹೋಗುವ ದಾರಿ, ನೀಲಿಯಿಂದ ಬರುವ ದಾರಿ ಬಾಣ ಹಾಕಿ ಬರೆ. ಕವಲು ಸಿಕ್ಕ ಕಡೆ ತುದಿಯವರೆಗೆ ಹೋಗಿ, ತಿರುಗಿ ತುಂಬಿಕೊಂಡು ಬುಡಕ್ಕೆ ಬಂದು, ಆಮೇಲೆ ಮುಂದೆ ನಡೆ. ಕವಲುಗಳನ್ನು ಆಮೇಲೆ ನೋಡೋಣ ಅಂತ ಬಿಟ್ಟವರು ಕೊನೆಗೆ ದಾರ ಕತ್ತರಿಸಬೇಕಾಗುತ್ತದೆ.

ಬರೆಯುವಾಗಲೇ ಇನ್ನೊಂದು ಗೊತ್ತಾಗುತ್ತದೆ: ಗಿಳಿಯ ಮೈಯೊಳಗೆ ಒಂಟಿಯಾಗಿ ಇಟ್ಟ ಕಣ್ಣಿಗೆ ದಾರ ಹೋಗಲು ದಾರಿಯೇ ಇಲ್ಲ. ಒಂದು ಹೊಲಿಗೆಯಿಂದ ಅದನ್ನು ಕೊಕ್ಕಿಗೆ ಜೋಡಿಸು, ಇಲ್ಲವೇ ಕಣ್ಣು ಬಿಡು. ಕಣ್ಣಿಲ್ಲದ ಗಿಳಿಯೂ ಗಿಳಿಯೇ.

ಇನ್ನು ಬೇರೆ ಹೊಲಿಗೆಗಳು. ಮುರಗಿ ಮೆಟ್ಟಿಲಿನ ಹಾಗೆ ಏರಿಳಿಯುತ್ತದೆ, ಅದೂ ಎರಡು ಮಗ್ಗುಲಿಗೂ ಒಂದೇ. ಮೆಂತೆ ಹಾಗಲ್ಲ, ಅಂಬಾರಿ ಹೊತ್ತ ಆನೆಯ ಮೈ ತುಂಬಲು ಚೆನ್ನ, ಹಿಂಬದಿ ಮಾತ್ರ ಬೇರೆಯೇ ಕಾಣುತ್ತದೆ. ಅಸ್ತರಿ ಹಾಕುವ ಕುಂಚಿಗೋ ಚೀಲಕ್ಕೋ ಇಟ್ಟುಕೋ. ನೇಗಿ ಹೊಲಿಗೆಯಲ್ಲಿ ಉದ್ದ ಎಳೆಗಳು ಬಳೆಗೆ ಸಿಕ್ಕಿಕೊಳ್ಳುತ್ತವೆ, ಅಷ್ಟು ನೆನಪಿರಲಿ.

ನಿನಗೆ ಸೈಕಲ್ ಹಾಕುವ ಆಸೆ ಅಂತ ಕೇಳಿ ನಗು ಬಂದರೂ ಬೇಡ ಅನ್ನುವುದಿಲ್ಲ. ನಮ್ಮ ಹಿರಿಯರೂ ತಮ್ಮ ಕಣ್ಣಿಗೆ ಬಿದ್ದ ತೇರು, ತೊಟ್ಟಿಲು, ತುಳಸಿ ಕಟ್ಟೆಗಳನ್ನೇ ಹಾಕಿದರು. ಕಸೂತಿಗೆ ಗೊತ್ತಿರುವುದು ಅಡ್ಡ, ಉದ್ದ, ಓರೆ, ಇಷ್ಟೇ ಗೆರೆ. ಗುಂಡಗಿನ ಗಾಲಿ ಬರುವುದಿಲ್ಲ, ಎಂಟು ಮೂಲೆಯದಾಗುತ್ತದೆ. ಅದನ್ನು ಒಪ್ಪಿಕೊಂಡು ಬರೆದರೆ ಸೈಕಲ್ಲೂ ಗೋಪುರದ ಪಕ್ಕ ಹೊಂದಿಕೊಳ್ಳುತ್ತದೆ. ಗುಂಡಗೆ ಮಾಡಲು ಹೋದೆಯೋ, ಕೆಟ್ಟಿತು.

ದಾರದ ವಿಷಯ ಬೇಗ ಮುಗಿಸುತ್ತೇನೆ. ಆಂಕರ್ ಲಡಿ 8 ಮೀಟರ್, ಅದರಲ್ಲಿ 6 ಎಳೆ. ಎರಡೆರಡು ಎಳೆ ಬಿಡಿಸಿದರೆ 24 ಮೀಟರ್. 400 ಹೊಲಿಗೆಯ ಗೋಪುರಕ್ಕೆ ತುದಿಬಾಲವೆಲ್ಲ ಸೇರಿ ಸುಮಾರು 2 ಮೀಟರ್ ಹಿಡಿ, ಹನ್ನೊಂದಕ್ಕೆ 22. ಒಂದು ಲಡಿ ಸಾಲುತ್ತದೆ ಅಂತ ಲೆಕ್ಕ ಹೇಳಿದರೂ ಎರಡು ತಾ, ಒಂದೇ ಅಂಗಡಿಯಿಂದ, ಒಂದೇ ಸಲ. ಬಣ್ಣದ ಸಂಖ್ಯೆ ಒಂದೇ ಇದ್ದರೂ ಬೇರೆ ಬೇರೆ ಸಲ ಅದ್ದಿದ ದಾರದಲ್ಲಿ ಛಾಯೆ ತುಸು ವ್ಯತ್ಯಾಸವಾಗಬಹುದು. ಕೆಂಪು ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡು, ಬಣ್ಣ ಬಿಟ್ಟರೆ ಬೇಡ. ಕಪ್ಪಿನ ಮೇಲೆ ಬಿಳಿ, ಕಿತ್ತಳೆ, ಹಸಿರು ಎದ್ದು ಕಾಣುತ್ತವೆ, ಕಡುನೀಲಿ ಮುಳುಗಿಹೋಗುತ್ತದೆ. ಒಮ್ಮೆಗೆ ಒಂದು ಮೊಳಕ್ಕಿಂತ ಉದ್ದ ದಾರ ಪೋಣಿಸಬೇಡ.

ಇಷ್ಟಾದ ಮೇಲೂ ಸೀದಾ ಸೆರಗಿಗೆ ಕೈ ಹಾಕಬೇಡ. ಮ್ಯಾಟಿ ಬಟ್ಟೆಯ ಮೇಲೆ ಕಲಿತದ್ದು ಕೈಗೆ ಒಳ್ಳೆಯದು, ಆದರೆ ಅದರ ನೇಯ್ಗೆ ಬೇರೆ, ಅಳತೆ ಹೊಂದುವುದಿಲ್ಲ. ಸೀರೆಯ ಇನ್ನೊಂದು ತುದಿ, ಸೊಂಟಕ್ಕೆ ಸಿಕ್ಕಿಸುವ ಭಾಗ, ಅದೇ ಬಟ್ಟೆ. ಉಟ್ಟಾಗ ಯಾರಿಗೂ ಕಾಣದು. ಅಲ್ಲಿ ಒಂದು ಗೋಪುರ ಪೂರ್ತಿ ಹಾಕು. ತೊಳೆದು, ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಮಾಡಿ ಅಳತೆ ನೋಡು. ಬಟ್ಟೆ ಸುಕ್ಕುಗಟ್ಟಿದ್ದರೆ ದಾರ ಬಿಗಿಯಾಗಿದೆ, ಕೈ ಸಡಿಲ ಬಿಡು. ಅಗಲದಲ್ಲಿ ಎರಡು ಮನೆ ಆಚೀಚೆ ಆಗಿದ್ದರೆ ಸಂದಿಯ ಲೆಕ್ಕ ಮತ್ತೆ ಮಾಡು. ಆ ಗೋಪುರವನ್ನು ಬಿಚ್ಚಬೇಡ. ಮುಂದೆ ಎಣಿಕೆ ತಪ್ಪಿದಾಗ ಎದುರಿಗಿಟ್ಟು ನೋಡಿಕೊಳ್ಳಲು ಬೇಕಾಗುತ್ತದೆ.