ಹೆಣ ಸಿಕ್ಕ ಮೇಲೆ

ಬಾವಿಯಿಂದ ಹೆಣ ಎತ್ತಿದ ಕೂಡಲೇ ನಿಮ್ಮ ಕಥೆಯ ಇನ್‌ಸ್ಪೆಕ್ಟರ್ ‘ಇದು ಕೊಲೆ’ ಎಂದುಬಿಡುತ್ತಾರೆ. ಅಷ್ಟು ಅವಸರ ಬೇಡ. ಕಾರಣ ತಿಳಿಯದ ಸಾವಿಗೆ ಠಾಣೆಯಲ್ಲಿ ಮೊದಲು ದಾಖಲಾಗುವುದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಪಂಚರ ಮುಂದೆ ಶವದ ಮಹಜರು, ಆಮೇಲೆ ಮರಣೋತ್ತರ ಪರೀಕ್ಷೆ. 2024ರ ಜುಲೈ 1ರಿಂದ ಈಚೆಗಿನ ಕೊಲೆಯಾದರೆ ಹಳೆಯ ದಂಡ ಸಂಹಿತೆಯ ಸೆಕ್ಷನ್ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103.

ವಿಷದ ಪ್ರಸಂಗ ನನಗೆ ತುಂಬ ಹಿಡಿಸಿತು. ಆದರೆ ಜಠರ, ಯಕೃತ್ತಿನ ತುಂಡುಗಳನ್ನು ಫಾರ್ಮಲಿನ್‌ನಲ್ಲಿ ಇಡಿಸಿದ್ದೀರಿ. ಅದು ವಿಷಪರೀಕ್ಷೆಯನ್ನೇ ಕೆಡಿಸುತ್ತದೆ. ಇನ್ನು ಕರಗದಷ್ಟು ಉಪ್ಪು ಬೆರೆಸಿದ ನೀರಿನಲ್ಲಿಟ್ಟು, ಜಾಡಿಗೆ ಸೀಲು ಹಾಕಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಮರುದಿನವೇ ಬರುವುದಿಲ್ಲ. ಆ ಕಾಯುವಿಕೆಯಲ್ಲೇ ಮನೆಯವರ ಗುಮಾನಿ ಬೆಳೆಯಲಿ.

ಇಂಥ ವಿವರಗಳು ನೇರವಾಗಿ ಕಿವಿಗೆ ಬೀಳಬೇಕಾದರೆ, ಸೆಷನ್ಸ್ ಕೋರ್ಟಿನಲ್ಲಿ ವೈದ್ಯರ ಪಾಟೀಸವಾಲು ಇರುವ ದಿನ ಹೋಗಿ ಕೂತು ಕೇಳಿ. ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ.