ಆಡಿಷನ್ ನೋಡುತ್ತಾ ಮನೆಯಲ್ಲಿ ಆಡುವ ಮಾತು

ಟಿವಿಯಲ್ಲಿ ಹಾಡಿನ ಸ್ಪರ್ಧೆಯ ಹೊಸ ಸೀಸನ್ ಶುರುವಾದರೆ ಮೊದಲ ಕೆಲವು ವಾರ ಬರೀ ಆಡಿಷನ್. ಶನಿವಾರ, ಭಾನುವಾರ ರಾತ್ರಿ ಊಟದ ತಟ್ಟೆ ಹಿಡಿದು ಕೂತ ಮನೆಮಂದಿಯೆಲ್ಲ ಆ ಹೊತ್ತಿಗೆ ತೀರ್ಪುಗಾರರೇ. ‘ಇವನಿಗೆ ಶ್ರುತಿಯೇ ನಿಲ್ಲಲ್ಲ’, ‘ಇವಳಿಗಿಂತ ನಮ್ಮ ಪಕ್ಕದ ಮನೆ ಹುಡುಗಿ ಚೆನ್ನಾಗಿ ಹಾಡ್ತಾಳೆ’, ‘ಪಾಪ, ಬಡವರ ಮನೆ ಮಗು ಅಂತ ತಗೊಂಡಿದಾರೆ ಅಷ್ಟೆ’. ಕೆಟ್ಟ ಮನಸ್ಸಿನಿಂದ ಯಾರೂ ಹೀಗೆ ಹೇಳುವುದಿಲ್ಲ. ಆದರೆ ಹಾಡುವ ಆಸೆಯಿರುವ ಮಗುವೊಂದು ಅದೇ ಕೋಣೆಯಲ್ಲಿ ಕೂತಿದ್ದರೆ, ನಾಳೆ ತಾನು ಅಲ್ಲಿ ನಿಂತಾಗ ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ ತನ್ನ ಬಗ್ಗೆ ಏನನ್ನುತ್ತಾರೆ ಎಂಬ ಲೆಕ್ಕವನ್ನು ಅದು ಆಗಲೇ ಹಾಕಿ ಮುಗಿಸಿರುತ್ತದೆ.

ಮಕ್ಕಳಿಗೆ ಸುಗಮ ಸಂಗೀತ ಕಲಿಸುವವಳಾಗಿ ನಾನು ಪೋಷಕರಿಗೆ ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಆಡಿಷನ್‌ಗೆ ಮಗುವಿನ ತಯಾರಿ ಬೇರೆಯವರ ಮಕ್ಕಳು ಹಾಡುವುದನ್ನು ನೋಡುತ್ತಾ ನಾವು ಆಡುವ ಮಾತಿನಿಂದ ಶುರುವಾಗುತ್ತದೆ. ಯಾವ ಹಾಡು, ಯಾವ ಬಟ್ಟೆ, ಯಾವ ಊರಿನ ಆಡಿಷನ್ ಎಂಬುದೆಲ್ಲ ಆಮೇಲಿನ ಪ್ರಶ್ನೆ.

ನೋಡುವಾಗ ಒಂದು ವಿಷಯ ನೆನಪಿರಲಿ. ಪರದೆಯ ಮೇಲೆ ನಾವು ಕಾಣುವ ಆಡಿಷನ್ ಸಾಮಾನ್ಯವಾಗಿ ಕಡೆಯ ಸುತ್ತು. ಅದಕ್ಕೂ ಮೊದಲು ಜಿಲ್ಲಾ ಕೇಂದ್ರಗಳಲ್ಲಿ, ಯಾವುದೋ ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ಬೆಳಗಿನಿಂದ ಸಾಲು ನಿಂತವರ ಮಧ್ಯೆ ಮೊದಲ ಸೋಸುವಿಕೆ ನಡೆದಿರುತ್ತದೆ. ಅಲ್ಲಿ ಹೆಸರಾಂತ ತೀರ್ಪುಗಾರರು ಇರುವುದಿಲ್ಲ. ವಾಹಿನಿಯ ತಂಡದವರು, ಅವರು ಕರೆಸಿದ ಸಂಗೀತಗಾರರು ಇರುತ್ತಾರೆ. ಸಿಗುವ ಸಮಯ ಒಂದು ಪಲ್ಲವಿ, ಹೆಚ್ಚೆಂದರೆ ಒಂದು ಚರಣ ಹಾಡುವಷ್ಟು. ಎಷ್ಟೋ ಸಲ ತಂಬೂರಿಯೂ ಇಲ್ಲ, ಕರೋಕೆಯೂ ಇಲ್ಲ. ಪಕ್ಕದ ಕೋಣೆಯ ಹಾಡು ಕಿವಿಗೆ ಬೀಳುತ್ತಿರುವಾಗಲೇ ತನ್ನ ಷಡ್ಜ ಹಿಡಿದು ನಿಲ್ಲಬೇಕು. ಇಷ್ಟೆಲ್ಲ ದಾಟಿ ಬಂದವರು ಕ್ಯಾಮೆರಾದ ಮುಂದೆ ನಿಂತಾಗ ಅವರ ಹಾಡು ಸಂಕಲನವಾಗಿ, ಧ್ವನಿ ಮಿಕ್ಸಿಂಗ್ ಆಗಿ ನಮಗೆ ತಲುಪುತ್ತದೆ. ಹಾಗಾಗಿ ಟಿವಿಯಲ್ಲಿ ಕೇಳಿದ ಧ್ವನಿಯನ್ನು ಮನೆಯ ಹಜಾರದಲ್ಲಿ ಹಾಡುವ ನಮ್ಮ ಮಗುವಿನ ಧ್ವನಿಯ ಜೊತೆಗೆ ಹೋಲಿಸುವುದು ಇಬ್ಬರಿಗೂ ನ್ಯಾಯವಲ್ಲ.

ಇನ್ನೊಂದು ಮಾತು. ಟಿವಿ ತಂಡ ಹುಡುಕುವುದು ಒಂದು ಕಾರ್ಯಕ್ರಮಕ್ಕೆ ಬೇಕಾದ ಇಪ್ಪತ್ತೋ ಮೂವತ್ತೋ ಜನರನ್ನು. ಜಾನಪದ ಹಾಡುವವರು ಬೇಕು, ಶಾಸ್ತ್ರೀಯ ಕಲಿತವರು ಬೇಕು, ಉತ್ತರ ಕರ್ನಾಟಕದ ಧ್ವನಿ ಬೇಕು, ಕರಾವಳಿಯ ಮಾತು ಬೇಕು, ಚುರುಕಾಗಿ ಮಾತಾಡುವ ಪುಟ್ಟ ಮಗು ಬೇಕು. ಒಂದೇ ಬಗೆಯ ಇಬ್ಬರು ಬಂದರೆ ಒಬ್ಬರು ಹೊರಗೆ. ಇದರಲ್ಲಿ ಮೋಸವೇನೂ ಇಲ್ಲ. ಮನರಂಜನೆಯ ಕಾರ್ಯಕ್ರಮ ಕಟ್ಟುವ ರೀತಿಯೇ ಹಾಗೆ. ಇದನ್ನು ಆಕಾಶವಾಣಿಯ ಧ್ವನಿ ಪರೀಕ್ಷೆಯ ಪಕ್ಕದಲ್ಲಿಟ್ಟು ನೋಡಿ. 1950ರ ದಶಕದಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದಾಗ ಗಟ್ಟಿಯಾಗಿ ನೆಲೆಗೊಂಡ ಆ ಪದ್ಧತಿಯಲ್ಲಿ ಹಾಡುವವರ ಮುಖ ಪರೀಕ್ಷಕರಿಗೆ ಕಾಣಬಾರದು, ಹೆಸರು ತಿಳಿಯಬಾರದು ಎಂಬ ಉದ್ದೇಶವಿತ್ತು. ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳು ಸಿಗುವುದು ಹಾಡಿಗೆ ಮಾತ್ರ. ಅದಕ್ಕೂ ಟೀಕೆ ಬಂತು, ದೊಡ್ಡ ವಿದ್ವಾಂಸರು ಸಿಟ್ಟಾದರು. ಆದರೂ ಅಲ್ಲಿ ಅಳೆಯುವುದು ಏನನ್ನು ಎಂಬುದು ಸ್ಪಷ್ಟ. ಟಿವಿ ಆಡಿಷನ್‌ನಲ್ಲಿ ಮುಖ, ಮಾತು, ವಯಸ್ಸು, ಊರು, ಮನೆಯ ಕಥೆ ಎಲ್ಲವೂ ಸೇರಿ ತೂಗುತ್ತವೆ. ಆದ್ದರಿಂದ ಅಲ್ಲಿ ಬಂದ ‘ಇಲ್ಲ’ ಎಂಬ ಉತ್ತರದಿಂದ ಮಗುವಿನ ಸಂಗೀತದ ಬಗ್ಗೆ ನಿಮಗೆ ತಿಳಿಯುವುದು ಬಹಳ ಕಡಿಮೆ. ಅದರಲ್ಲಿ ಅರ್ಥ ಹುಡುಕಲು ಹೋಗಬೇಡಿ ಎಂದು ನಾನು ಬೇಡಿಕೊಳ್ಳುವುದು ಇದಕ್ಕೇ.

ಹಾಗಾದರೆ ಸುಮ್ಮನೆ ಕೂತು ನೋಡಬೇಕೇ? ಬೇಡ, ಧಾರಾಳವಾಗಿ ಮಾತಾಡಿ. ಯಾರ ಬಗ್ಗೆ ಎನ್ನುವುದನ್ನು ಬಿಟ್ಟು ಯಾವುದರ ಬಗ್ಗೆ ಎನ್ನುವ ಕಡೆಗೆ ಮಾತನ್ನು ತಿರುಗಿಸಿ. ‘ಆ ಸಾಲಿನಲ್ಲಿ ಉಸಿರು ಎಲ್ಲಿ ತಗೊಂಡಳು, ಕೇಳಿಸ್ತಾ?’ ‘ಚರಣಕ್ಕೆ ಹೋದಾಗ ತಾಳ ಓಡಿತು ಅನ್ನಿಸ್ತು, ನಿನಗೆ?’ ‘ಈ ಪದ ಎಷ್ಟು ಸ್ಪಷ್ಟವಾಗಿ ಹೇಳಿದ ನೋಡು.’ ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ನೋಡಿ ಬೆಳೆದವರಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ತಪ್ಪು ತಿದ್ದುತ್ತಿದ್ದ ಬಗೆ ನೆನಪಿರಬೇಕು. ಹಾಡು ಬರೆದವರು, ರಾಗ ಹಾಕಿದವರು ಯಾರೆಂದು ಹೇಳಿ, ತಪ್ಪಿದ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ತಪ್ಪನ್ನು ಮರೆಮಾಚುತ್ತಿರಲಿಲ್ಲ, ಮಗುವನ್ನು ಕುಗ್ಗಿಸುತ್ತಲೂ ಇರಲಿಲ್ಲ. ಅವರಷ್ಟು ಸಂಗೀತ ನಮಗೆ ಗೊತ್ತಿಲ್ಲದಿರಬಹುದು, ಆದರೆ ಆ ಮಾತಿನ ರೀತಿಯನ್ನು ಯಾವ ತಂದೆತಾಯಿಯೂ ಕಲಿಯಬಹುದು. ಹೀಗೆ ನೋಡಿದ ಮಕ್ಕಳು ಕ್ರಮೇಣ ತಮ್ಮ ಹಾಡನ್ನೂ ಇದೇ ಕಿವಿಯಿಂದ ಕೇಳಿಕೊಳ್ಳುತ್ತಾರೆ. ‘ನಾನು ಚೆನ್ನಾಗಿ ಹಾಡಿದೆನಾ?’ ಎಂದು ಕೇಳುತ್ತಿದ್ದ ಹುಡುಗಿ ‘ಎರಡನೇ ಸಾಲಿನ ಪಂಚಮ ಸ್ವಲ್ಪ ಇಳೀತಲ್ವಾ ಮಿಸ್?’ ಎಂದು ಕೇಳತೊಡಗಿದರೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಇನ್ನು ಹಾಡಿನ ಆಯ್ಕೆ. ಪೋಷಕರು ಅತಿ ಹೆಚ್ಚು ಎಡವುವುದು ಇಲ್ಲೇ. ಸಿನಿಮಾ ಹಾಡನ್ನು ಮೂಲ ಗಾಯಕರ ಶ್ರುತಿಯಲ್ಲೇ ಹಾಡಬೇಕು ಎಂಬ ಹಟ ಯಾಕೆ? ಎಸ್. ಜಾನಕಿಯವರ ತಾರಸ್ಥಾಯಿ ಅವರದು. ಹತ್ತು ವರ್ಷದ ಹುಡುಗಿ ಅದನ್ನು ಮುಟ್ಟಲು ಕುತ್ತಿಗೆ ಚಾಚಿ, ಗಲ್ಲ ಎತ್ತಿ, ಕೂಗತೊಡಗಿದರೆ ಕೇಳುವವರಿಗೆ ಮೊದಲು ತಿಳಿಯುವುದು ಆ ಕಷ್ಟವೇ. ಹಾರ್ಮೋನಿಯಂನಲ್ಲಿ ಕಪ್ಪು ಮೂರರಲ್ಲಿ ಒದ್ದಾಡುವ ಹಾಡು ಬಿಳಿ ಎರಡಕ್ಕೆ ಇಳಿದರೆ ಸಲೀಸಾಗಿ ಹರಿಯಬಹುದು. ಮಗುವಿನ ಶ್ರುತಿ ಯಾವುದು ಎಂಬುದನ್ನು ಅದರ ಗುರುಗಳೇ ನಿರ್ಧರಿಸಲಿ. ಮನೆಯಲ್ಲಿ ಮೊಬೈಲಿನ ತಂಬೂರಿ ಆ್ಯಪ್ ಹಾಕಿ ಅದೇ ಶ್ರುತಿಯಲ್ಲಿ ದಿನಾ ಹಾಡಿಸಿದರೆ, ಆಡಿಷನ್ ಕೋಣೆಯಲ್ಲಿ ಶ್ರುತಿ ಕೊಡುವವರಿಲ್ಲದಿದ್ದರೂ ಷಡ್ಜ ತಾನಾಗಿ ನಾಲಿಗೆಗೆ ಬರುತ್ತದೆ. ಎರಡು ಹಾಡು ಗಟ್ಟಿಯಾಗಿರಲಿ, ಎರಡೂ ಬೇರೆ ಬೇರೆ ಬಗೆಯವಾಗಿರಲಿ. ಒಂದು ಸಿನಿಮಾ ಗೀತೆಯಾದರೆ ಇನ್ನೊಂದು ಭಾವಗೀತೆಯೋ ಜನಪದವೋ ದೇವರನಾಮವೋ ಆಗಬಹುದು. ‘ಬೇರೆ ಏನಾದರೂ ಹಾಡು ಪುಟ್ಟಾ’ ಎಂಬ ಮಾತು ಬಂದೇ ಬರುತ್ತದೆ. ಮತ್ತೆ, ಪ್ರೇಮ ವಿರಹದ ಹಾಡನ್ನು ಎಂಟು ವರ್ಷದ ಮಗುವಿಗೆ ಕಲಿಸಿ ಭಾವ ಬರಲಿಲ್ಲ ಎಂದು ಕೊರಗಬೇಡಿ. ಅರ್ಥವಾಗದ ಭಾವವನ್ನು ಮಗು ಮುಖದಲ್ಲಿ ಅಣಕ ಮಾಡಿ ತೋರಿಸುತ್ತದೆ, ಅದು ನೋಡಲು ಚೆನ್ನಾಗಿರುವುದಿಲ್ಲ. ಕನ್ನಡದಲ್ಲಿ ಮಕ್ಕಳ ವಯಸ್ಸಿಗೊಪ್ಪುವ ಒಳ್ಳೆಯ ಗೀತೆಗಳಿಗೆ ಬರವಿಲ್ಲ.

ಗಂಡುಮಕ್ಕಳ ಧ್ವನಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸುಮಾರು ಹನ್ನೆರಡರಿಂದ ಹದಿನೈದರ ನಡುವೆ ಧ್ವನಿ ಒಡೆಯುತ್ತದೆ. ಗಂಟಲಿನ ಸ್ವರತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ನಿನ್ನೆ ಸಲೀಸಾಗಿ ಬಂದ ಸ್ವರ ಇವತ್ತು ಸೀಳಿಕೊಂಡು ಬರುತ್ತದೆ. ‘ಅಭ್ಯಾಸ ಬಿಟ್ಟಿದ್ದೀಯ’ ಎಂದು ಈ ವಯಸ್ಸಿನ ಹುಡುಗನನ್ನು ಬೈಯುವುದು ಬೆಳೆಯುತ್ತಿರುವುದಕ್ಕೆ ಬೈದಂತೆ. ಆ ವರ್ಷ ಆಡಿಷನ್ ಬೇಡ. ಕೆಳಗಿನ ಶ್ರುತಿಯಲ್ಲಿ ಸ್ವಲ್ಪ ಸ್ವಲ್ಪ ಹಾಡಲಿ, ತಬಲಾ ಕಲಿಯಲಿ, ಕೀಬೋರ್ಡ್ ನುಡಿಸಲಿ. ಹೆಣ್ಣುಮಕ್ಕಳಲ್ಲೂ ಬದಲಾವಣೆ ಇರುತ್ತದೆ, ಆದರೆ ಅಷ್ಟು ದೊಡ್ಡದಲ್ಲ. ಉಸಿರು ಸೋರಿದಂಥ ಧ್ವನಿ ಕೆಲಕಾಲ ಇರಬಹುದು. ಯಾವ ಮಗುವಿಗೇ ಆಗಲಿ ಶೀತ, ಕೆಮ್ಮು ಇಲ್ಲದೆಯೂ ಎರಡು ಮೂರು ವಾರಕ್ಕಿಂತ ಹೆಚ್ಚು ಗಂಟಲು ಒಡಕಾಗಿಯೇ ಇದ್ದರೆ ಕಷಾಯದಲ್ಲೇ ಕಾಲ ಕಳೆಯದೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ. ಕಿರುಚಿ ಹಾಡುವ, ಆಟದ ಬಯಲಿನಲ್ಲಿ ಕೂಗಾಡುವ ಮಕ್ಕಳ ಸ್ವರತಂತುಗಳ ಮೇಲೆ ಸಣ್ಣ ಗಂಟುಗಳಾಗುವುದುಂಟು. ವಿಶ್ರಾಂತಿ ಕೊಟ್ಟು, ಸರಿಯಾಗಿ ಧ್ವನಿ ಬಳಸುವುದನ್ನು ಕಲಿಸಿದರೆ ಹೆಚ್ಚಿನವು ಗುಣವಾಗುತ್ತವೆ.

ಆಡಿಷನ್ ದಿನ ನೀರಿನ ಬಾಟಲಿ, ಬೆಳಿಗ್ಗೆ ಹಗುರ ತಿಂಡಿ, ಮಗುವಿಗೆ ಒಗ್ಗಿದ ಬಟ್ಟೆ. ಸಾಲಿನಲ್ಲಿ ನಿಂತು ಮತ್ತೆ ಮತ್ತೆ ಹಾಡಿಸಬೇಡಿ, ಸರದಿ ಬರುವಷ್ಟರಲ್ಲಿ ಗಂಟಲು ದಣಿದಿರುತ್ತದೆ.

ಹೊರಗೆ ಬಂದ ಮಗುವಿನ ಮುಖ ನೋಡಿದ ಕೂಡಲೇ ‘ಏನಂದ್ರು?’ ಎಂದು ಕೇಳುವುದು ಸಹಜ. ಅದರ ಬದಲು ‘ಯಾವ ಹಾಡು ಹಾಡಿದೆ?’ ಎಂದು ಕೇಳಿ ನೋಡಿ. ಆಯ್ಕೆಯಾಗದಿದ್ದರೆ ಮಗು ಅಳಬಹುದು, ಅಳಲಿ. ಆ ಹೊತ್ತಿಗೆ ಸಮಾಧಾನಕ್ಕೆಂದು ‘ಅವರಿಗೇನು ಗೊತ್ತು ಸಂಗೀತ’, ‘ಎಲ್ಲ ಮೊದಲೇ ಫಿಕ್ಸ್ ಆಗಿರುತ್ತೆ’ ಎನ್ನುವ ಮಾತು ಬಾಯಿಗೆ ಬಂದುಬಿಡುತ್ತದೆ. ದಯವಿಟ್ಟು ತಡೆದುಕೊಳ್ಳಿ. ಇಂಥ ಮಾತು ಕೇಳಿದ ಮಗು ಮುಂದೆ ಗುರುಗಳು ತಿದ್ದಿದರೂ ‘ಅವರಿಗೇನು ಗೊತ್ತು’ ಎಂದುಕೊಳ್ಳಲು ಕಲಿಯುತ್ತದೆ. ಇದಕ್ಕೆ ಬದಲು ನಿಜವಾದ ಸಂಗತಿಗಳನ್ನು ಹೇಳಿ. ಗಾಯಕ ಅರಿಜಿತ್ ಸಿಂಗ್ 2005ರಲ್ಲಿ ‘ಫೇಮ್ ಗುರುಕುಲ್’ ಸ್ಪರ್ಧೆಯಿಂದ ಗೆಲ್ಲದೆ ಹೊರಬಂದವರು. ಕನ್ನಡದ ಸರಿಗಮಪ ವೇದಿಕೆಯಲ್ಲಿ ತೀರ್ಪುಗಾರರಾಗಿ ನಾವು ನೋಡಿರುವ ವಿಜಯ ಪ್ರಕಾಶ್ ಒಂದು ಕಾಲಕ್ಕೆ ಹಿಂದಿಯ ಸರಿಗಮ ವೇದಿಕೆಯಲ್ಲಿ ಸ್ಪರ್ಧಿಯಾಗಿ ನಿಂತವರು. ಆದರೆ ಇವನ್ನು ‘ನೀನೂ ಹಾಗೇ ಆಗ್ತೀಯ’ ಎಂಬ ಭರವಸೆಯಾಗಿ ಮಾಡಬೇಡಿ, ಅದೂ ಒಂದು ಹೊರೆಯೇ. ಮರುದಿನದ ಸಂಗೀತದ ಕ್ಲಾಸನ್ನು ಮಾತ್ರ ತಪ್ಪಿಸಬೇಡಿ.

ಆಯ್ಕೆಯಾದರೆ? ಸಂತೋಷಪಡಿ, ಜೊತೆಗೆ ಕಾನೂನನ್ನೂ ತಿಳಿದುಕೊಳ್ಳಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಕಲಾವಿದರಾಗಿ ಭಾಗವಹಿಸುವುದಕ್ಕೆ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಮತ್ತು 2017ರ ನಿಯಮಗಳು ಕಟ್ಟುಪಾಡು ಹಾಕಿವೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ಮಗುವನ್ನು ದುಡಿಸುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ಕೆಲಸವಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯಿಂದ ನಿರ್ಮಾಪಕರು ಅನುಮತಿ ಪಡೆಯಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯುತ ವ್ಯಕ್ತಿ ಇರಬೇಕು, ಶಾಲೆಯ ಪಾಠ ತಪ್ಪದಂತೆ ಏರ್ಪಾಡು ಇರಬೇಕು. ಮಗುವಿಗೆ ಬರುವ ಹಣದಲ್ಲಿ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಇಡಬೇಕು. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಭಾಗವಹಿಸುವಂತೆ ಮಾಡಬಾರದು ಎಂಬುದೂ ಆ ನಿಯಮದಲ್ಲೇ ಇದೆ. ಇವುಗಳ ಬಗ್ಗೆ ತಂಡವನ್ನು ಕೇಳಲು ಸಂಕೋಚ ಬೇಡ. ‘ಎಲ್ಲಿ ಮಗುವನ್ನು ಕೈಬಿಡುತ್ತಾರೋ’ ಎಂಬ ಅಂಜಿಕೆಯಿಂದ ಪೋಷಕರು ಸುಮ್ಮನಾಗುತ್ತಾರೆ. ಕೇಳಿದ್ದಕ್ಕೇ ಕೈಬಿಡುವವರ ಕೈಗೆ ಮಗುವನ್ನು ಒಪ್ಪಿಸಬೇಕಾದದ್ದೂ ಇಲ್ಲ. ಒಪ್ಪಂದದ ಪತ್ರವನ್ನು ಮನೆಗೆ ತಂದು, ತಿಳಿದವರಿಂದ ಓದಿಸಿ, ಒಂದು ಪ್ರತಿ ಇಟ್ಟುಕೊಂಡೇ ಸಹಿ ಹಾಕಿ. ‘ದುಡ್ಡು ಕೊಟ್ಟರೆ ಸೆಲೆಕ್ಟ್ ಮಾಡಿಸ್ತೀವಿ’ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಕ್ಕಳಿಗೆ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098 ಇದೆ.

ಕೊನೆಯದಾಗಿ, ಹಾಡಿಗೆ ಮುಂಚೆ ತೋರಿಸುವ ಪರಿಚಯದ ವಿಡಿಯೊ ತುಣುಕು, ಅಂದರೆ ‘ವಿಟಿ’. ಮನೆ, ಊರು, ಅಪ್ಪನ ಕೆಲಸ, ಸಾಲ, ಕಾಯಿಲೆ, ತೀರಿಹೋದವರ ಫೋಟೊ ಎಲ್ಲವನ್ನೂ ಅದರಲ್ಲಿ ಕೇಳುತ್ತಾರೆ. ನೋಡುವ ನಮ್ಮ ಕಣ್ಣು ತುಂಬುತ್ತದೆ, ನಿಜ. ಆದರೆ ಸೋಮವಾರ ಶಾಲೆಗೆ ಹೋಗಿ ಸಹಪಾಠಿಗಳ ಪ್ರಶ್ನೆಗೆ ಉತ್ತರಿಸಬೇಕಾದದ್ದು ಆ ಮಗು. ಆ ತುಣುಕು ಯೂಟ್ಯೂಬ್‌ನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮಗು ಕಾಲೇಜಿಗೆ ಹೋದ ಮೇಲೂ ಯಾರಾದರೂ ತೆಗೆದು ತೋರಿಸಬಹುದು. ಕ್ಯಾಮೆರಾ ಮನೆಗೆ ಬರುವ ಹಿಂದಿನ ದಿನವೇ ಮಗುವಿನ ಜೊತೆ ಕೂತು ಯಾವುದನ್ನು ಹೇಳಬಹುದು, ಯಾವುದು ಬೇಡ ಎಂದು ಕೇಳಿ. ಅದು ಬೇಡವೆಂದ ಸಂಗತಿಯನ್ನು ನಿರ್ದೇಶನ ತಂಡಕ್ಕೆ ನೀವೇ ತಿಳಿಸಿ. ಅಷ್ಟು ದೊಡ್ಡವರ ಮುಂದೆ ‘ಇದನ್ನು ತೋರಿಸಬೇಡಿ’ ಎಂದು ಹೇಳುವುದು ಮಗುವಿನ ಕೈಲಾಗುವ ಕೆಲಸವಲ್ಲ.